ಕೇಳಿ ಆರಿಸಿದ ಜುಮುಕಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಗೂ ಚಪ್ಪಲಿ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅವಳ ಕೇಶಾಲಂಕಾರದ ಅಂಗಡಿಯಲ್ಲಿ ಇದ್ದದ್ದು ಎರಡು ಕುರ್ಚಿ, ಎರಡು ಕನ್ನಡಿ, ಒಂದು ನಲ್ಲಿ. ಇಪ್ಪತ್ತೆರಡು ವರ್ಷ ಅಲ್ಲಿ ನಿಂತು ನಿಂತು ಅವಳ ಕಾಲಿನ ನರಗಳು ಉಬ್ಬಿದ್ದವು. ಕೈ ಮಾತ್ರ ಇನ್ನೂ ಹದ ತಪ್ಪಿರಲಿಲ್ಲ. ಯಾರ ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ಯಾರ ಹಣೆಯಲ್ಲಿ ಹಳೆಯ ಗಾಯದ ಕಲೆ ಇದೆ, ಯಾರ ಒಂದು ಕಿವಿ ಇನ್ನೊಂದಕ್ಕಿಂತ ತುಸು ಕೆಳಗಿದೆ ಎಂಬುದೆಲ್ಲ ಅವಳಿಗೆ ಗೊತ್ತು. ಗೊತ್ತಿದ್ದದ್ದನ್ನು ಅವಳು ಬಾಯಿಬಿಡುತ್ತಿರಲಿಲ್ಲ. ಆ ಕಡೆಯ ಕೂದಲನ್ನು ಈ ಕಡೆಗೆ ತಂದು, ಮುಚ್ಚಬೇಕಾದ್ದನ್ನು ಮುಚ್ಚಿ, ನಗುತ್ತಾ ಕಳುಹಿಸುತ್ತಿದ್ದಳು. ಮುಚ್ಚುವುದರಲ್ಲಿ ಅವಳದು ಎತ್ತಿದ ಕೈ.

ಎಲ್ಲಕ್ಕಿಂತ ಹೆಚ್ಚು ಶ್ರದ್ಧೆಯಿಂದ ಅವಳು ಮುಚ್ಚುತ್ತ ಬಂದದ್ದು ತನ್ನ ಮಗಳ ಕಿವಿಗಳನ್ನು.

ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಮೂರು ವರ್ಷ ತುಂಬುವ ತನಕ ಅವಳಿಗೆ ಕೇಳಿಸುವುದು ಅಷ್ಟಕ್ಕಷ್ಟೇ ಎಂದು ಯಾರಿಗೂ ಹೊಳೆದಿರಲಿಲ್ಲ. ಯಾರು ಏನು ಕೇಳಿದರೂ ನಗುತ್ತಾ ತಲೆಯಾಡಿಸುವ ಮಗು. ಹೇಳಿದ ಮಾತನ್ನು ಎಷ್ಟು ಚೆನ್ನಾಗಿ ಕೇಳುತ್ತದೆ ನೋಡಿ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಸ್ಟೀಲಿನ ದೊಡ್ಡ ತಟ್ಟೆ ಕೈಜಾರಿ ಬಿದ್ದು ಇಡೀ ಮನೆ ಬೆಚ್ಚಿಬಿದ್ದಾಗ, ಅದಕ್ಕೆ ಬೆನ್ನು ಹಾಕಿ ಕೂತಿದ್ದ ಗುಬ್ಬಿ ಮಾತ್ರ ಕತ್ತೂ ತಿರುಗಿಸದೆ ಬಣ್ಣದ ಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದಳು. ಅದಾಗಿ ತಿಂಗಳೊಳಗೆ ಎರಡೂ ಕಿವಿಗೆ ಶ್ರವಣಯಂತ್ರ ಬಂತು. ಕಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡ, ಗೋಡಂಬಿಯ ಹಾಗೇ ಬಾಗಿದ ಒಂದು ಡಬ್ಬಿ. ಅದರಿಂದ ಕಿವಿಯೊಳಕ್ಕೆ ಇಳಿಯುವ ಒಂದು ಸಣ್ಣ ನಳಿಕೆ.

ಗುಬ್ಬಿಗೆ ಅದು ಕನ್ನಡಕದಷ್ಟೇ ಸಹಜವಾಗಿಬಿಟ್ಟಿತು. ತಾಯಿಗೆ ಹಾಗಾಗಲಿಲ್ಲ. ನಾಚಿಕೆಯಲ್ಲ ಎಂದು ಕತ್ತರಿಯಮ್ಮ ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದಳು. ಆದರೆ ಶಾಲೆಯ ಗೇಟಿನಲ್ಲಿ, ಬಸ್ಸಿನಲ್ಲಿ, ಜನ ಮಗುವಿನ ಮುಖ ಬಿಟ್ಟು ಕಿವಿಯನ್ನೇ ನೋಡಿ 'ಅಯ್ಯೋ ಪಾಪ' ಎಂದು ಲೊಚಗುಟ್ಟಿದರೆ ಅವಳು ಮಗಳನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಿದ್ದಳು. ಆ 'ಅಯ್ಯೋ ಪಾಪ'ದಿಂದ ಮಗಳನ್ನು ಕಾಪಾಡಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ದಿನಾ ಬೆಳಿಗ್ಗೆ ಎರಡೂ ಕಿವಿಯ ಮೇಲೆ ಪದರ ಪದರವಾಗಿ ಕೂದಲು ಇಳಿಬಿಟ್ಟು ಬಾಚಿ ಕಳುಹಿಸುವುದು. ಗುಬ್ಬಿ ದೊಡ್ಡವಳಾದ ಮೇಲೂ ಆ ಅಭ್ಯಾಸ ಹಾಗೇ ಉಳಿಯಿತು.

ಈಗ ಗುಬ್ಬಿಗೆ ಇಪ್ಪತ್ತಾರು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟು. ಅದೇ ಕಟ್ಟಡದ ಕೆಳಮಹಡಿಯಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುವ ಹುಡುಗ ಅವಳನ್ನು ಮೆಚ್ಚಿದ್ದ, ಅವಳೂ ಒಪ್ಪಿದ್ದಳು. "ಆ ಯಂತ್ರದ ಗದ್ದಲದಲ್ಲಿ ಅವನಿಗೂ ಅರ್ಧ ಕೇಳ್ಸಲ್ಲ ಅಮ್ಮ, ಜೋಡಿ ಸರಿಯಾಗಿದೆ" ಎಂದು ಗುಬ್ಬಿಯೇ ನಗಾಡಿದ್ದಳು. ಮದುವೆಗೆ ಇನ್ನು ಆರು ವಾರ ಇತ್ತು.

ಎರಡು ಬೀದಿ ಆಚೆ ಒಬ್ಬ ಹಳೆಯ ಅಕ್ಕಸಾಲಿಗರ ಅಂಗಡಿ. ಅದರ ಗಾಜಿನ ಕಿಟಕಿಯಲ್ಲಿ ಒಂದು ಜೊತೆ ನವಿಲೋಲೆ ನಾಲ್ಕು ವರ್ಷದಿಂದ ಕೂತಿತ್ತು. ಅದು ಬರೀ ಕಿವಿಯ ತುದಿಗೆ ತೂಗುವ ಓಲೆಯಲ್ಲ. ನವಿಲಿನ ಕೊಕ್ಕು ಕಿವಿಯ ಹಾಲೆಯ ಹತ್ತಿರ, ಬಿಚ್ಚಿದ ಗರಿ ಮೇಲಕ್ಕೆ ಹತ್ತಿ ಇಡೀ ಕಿವಿಯನ್ನು ಹಿಂದೆ ಮುಂದೆ ಅಪ್ಪಿಕೊಂಡು, ಕಿವಿ ಅನ್ನುವುದೇ ಕಾಣದಂತೆ ಮಾಡುವ ಒಡವೆ. ಕೆಲಸ ಮುಗಿಸಿ ಮನೆಗೆ ಹೋಗುವಾಗಲೆಲ್ಲ ಕತ್ತರಿಯಮ್ಮ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಮಗಳ ಮದುವೆಗೆ ಇದೇ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಬುಧವಾರ ಬೆಳಿಗ್ಗೆ ಅಂಗಡಿಗೆ ರಜೆ ಹಾಕಿ ಅವಳು ಮಗಳನ್ನು ಕರೆದುಕೊಂಡು ಹೊರಟಳು. ಕರೆಯದಿದ್ದರೂ ಜೊತೆಗೆ ಬಂದವಳು ಅವಳ ಅಕ್ಕ, ಗುಬ್ಬಿಯ ದೊಡ್ಡಮ್ಮ. ಗುಬ್ಬಿಯ ಅಪ್ಪ ದೂರದೂರಿಗೆ ಲಾರಿ ಓಡಿಸುವವರು. ಮದುವೆಯ ವಾರಕ್ಕೇ ಬರುವುದು. 'ಅವಳಿಗೆ ಯಾವುದು ಇಷ್ಟವೋ ಅದು' ಎಂದು ಫೋನಿನಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದರು.

ಅಕ್ಕಸಾಲಿಗರ ಅಂಗಡಿ ಅಗಲಕ್ಕಿಂತ ಉದ್ದ. ಮುಂದೆ ನೀಲಿ ಮಖಮಲ್ಲು ಹಾಸಿದ ಮೇಜು, ಕಾಲಿನ ಮೇಲೆ ನಿಂತ ದುಂಡು ಕನ್ನಡಿ, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಹಿಂದೆ ಅರ್ಧ ಸರಿಸಿದ ಪರದೆಯಾಚೆ ಸುಟ್ಟ ಕಲೆಗಳ ಕೆಲಸದ ಹಲಗೆ, ಸಣ್ಣ ಸಣ್ಣ ಚಿಮಟ, ಅರ. ಅಕ್ಕಸಾಲಿಗರಿಗೆ ಎಪ್ಪತ್ತು ದಾಟಿತ್ತು. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ.

"ಬನ್ನಿ ಅಮ್ಮ. ಮದುಮಗಳು ಯಾರು?" ಎಂದರು.

"ನಾನಂತೂ ಅಲ್ಲ," ಎಂದು ದೊಡ್ಡಮ್ಮ ಮೊದಲ ಕುರ್ಚಿಯಲ್ಲಿ ಕೂತಳು.

ಕೊರಳಿನದು ಬೇಗ ಮುಗಿಯಿತು. ಗುಬ್ಬಿ ಒಂದೆಳೆಯ ಕಾಸಿನ ಸರ ಕೈಗೆತ್ತಿಕೊಂಡು, ಒಂದೊಂದು ಕಾಸನ್ನೂ ಪುಸ್ತಕದ ಹಾಳೆ ತಿರುವುವಂತೆ ಬೆರಳಲ್ಲಿ ತಿರುವಿ ನೋಡಿ, "ಇದು ಸಾಕು" ಎಂದಳು. ಬೈತಲೆ ಬೊಟ್ಟಿಗೂ ತಡವಾಗಲಿಲ್ಲ. ದೊಡ್ಡಮ್ಮನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ.

"ಏನೇ ಇದು, ತರಕಾರಿ ತರೋಕೆ ಹೋಗೋಳ ಹಾಗೆ. ಮದುಮಗಳು ಅಂದ್ರೆ ಬೀದಿ ತುದಿಯಿಂದ್ಲೇ ಗೊತ್ತಾಗ್ಬೇಕು. ಯಜಮಾನ್ರೆ, ಆ ಡಾಬು ತೆಗೀರಿ."

ಅಕ್ಕಸಾಲಿಗರು ಸೊಂಟದ ಡಾಬು ತೆಗೆದಿಟ್ಟರು. ಹೇಗೆ ಕಾಣುತ್ತದೆ ಎಂದು ತೋರಿಸಲು ದೊಡ್ಡಮ್ಮ ಅದನ್ನು ತನ್ನ ಸೊಂಟಕ್ಕೇ ಸುತ್ತಿಕೊಂಡಳು. ಎರಡು ತುದಿಗಳ ನಡುವೆ ಒಂದು ಗೇಣು ಉಳಿಯಿತು. ಉಸಿರು ಎಳೆದುಕೊಂಡು ಮತ್ತೊಮ್ಮೆ ಪ್ರಯತ್ನಪಟ್ಟಳು. ಗೇಣು ಗೇಣಾಗಿಯೇ ಇತ್ತು.

"ಇದು ಮಕ್ಕಳ ಅಳತೇದು," ಎಂದು ಬಿಚ್ಚಿಟ್ಟಳು. ಗುಬ್ಬಿ ನಗು ತಡೆಯಲಾರದೆ ಮೇಜಿನ ಮೇಲೆ ಮುಖ ಇಟ್ಟಳು.

ಆಗ ಕತ್ತರಿಯಮ್ಮ ಗಂಟಲು ಸರಿಮಾಡಿಕೊಂಡು, ಎಷ್ಟೋ ದಿನದಿಂದ ಬಾಯಿಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೇಳಿದಳು. "ಕಿವಿಗೆ, ಆ ಕಿಟಕೀಲಿರೋ ನವಿಲು."

ಅಕ್ಕಸಾಲಿಗರು ಒಮ್ಮೆ ಅವಳ ಮುಖ ನೋಡಿದರು. ದಿನಾ ಸಂಜೆ ಗಾಜಿನಾಚೆ ನಿಲ್ಲುತ್ತಿದ್ದ ಹೆಂಗಸು ಇವಳೇ ಎಂದು ಗುರುತು ಹಿಡಿದಿರಬೇಕು. ಕಿಟಕಿಯಿಂದ ತಂದು ಮಖಮಲ್ಲಿನ ಮೇಲಿಟ್ಟರು. ಹತ್ತಿರದಿಂದ ಅದು ಇನ್ನೂ ಚೆಂದ. ಗರಿಗೊಂದು ಹಸಿರು ಹರಳು. ಕತ್ತರಿಯಮ್ಮನೇ ಎದ್ದು ಮಗಳ ಬಲಗಿವಿಗೆ ತೊಡಿಸಿದಳು. ಗರಿ ಕಿವಿಯನ್ನು ಅಪ್ಪಿತು, ಕೊಂಡಿ ಬಿತ್ತು.

ಆ ಕ್ಷಣವೇ ಸಣ್ಣಗೆ, ಚೂಪಾಗಿ, ಕುಂಯ್ ಎಂದು ಸಿಳ್ಳೆ ಶುರುವಾಯಿತು.

"ಯಾರ ಫೋನು?" ಎಂದು ದೊಡ್ಡಮ್ಮ ತನ್ನ ಚೀಲ ತಡಕಿದಳು. ಅಕ್ಕಸಾಲಿಗರು ಪರದೆಯ ಹಿಂದೆ ಗ್ಯಾಸಿನ ಕೊಳವೆ ಬಿಟ್ಟುಬಂದೆನೇ ಎಂದು ತಿರುಗಿ ನೋಡಿದರು. ಕತ್ತರಿಯಮ್ಮ ಗಡಬಡಿಸಿ ಕೊಂಡಿಗೆ ಕೈ ಹಾಕಿದಳು.

"ನನ್ನ ಮಿಷನ್ನು, ದೊಡ್ಡಮ್ಮ," ಎಂದಳು ಗುಬ್ಬಿ ಆರಾಮವಾಗಿ. "ಮುಚ್ಚಿದ್ರೆ ಕೂಗುತ್ತೆ. ಟೋಪಿ ಹಾಕಿದ್ರೂ ಹಾಗೇ."

ನವಿಲನ್ನು ತೆಗೆದ ಕೂಡಲೇ ಸಿಳ್ಳೆ ನಿಂತಿತು. ಕತ್ತರಿಯಮ್ಮ ಅದನ್ನು ಕೈಯಲ್ಲೇ ಹಿಡಿದು ನಿಂತಳು.

"ಅವತ್ತೊಂದು ಅರ್ಧ ದಿನ ತೆಗೆದಿಟ್ರೆ ಆಗಲ್ವಾ ಕಂದ?" ಎಂದಳು, ಕೇಳಿಯೂ ಕೇಳದ ಹಾಗೆ.

"ಅವತ್ತು ಯಾರು ಏನು ಹೇಳ್ತಿದಾರೆ ಅಂತ ನಂಗೆ ಗೊತ್ತಾಗೋದು ಬೇಡ್ವಾ?"

"ನಾನು ಪಕ್ಕದಲ್ಲೇ ಇರ್ತೀನಿ. ಸನ್ನೆ ಮಾಡ್ತೀನಿ."

ಗುಬ್ಬಿ ಏನೋ ಹೇಳಹೊರಟವಳು ತಾಯಿಯ ಕೈಯನ್ನೂ, ಆ ಕೈ ನವಿಲನ್ನು ಹಿಡಿದಿದ್ದ ಬಗೆಯನ್ನೂ ನೋಡಿ ತಡೆದುಕೊಂಡಳು. ಎರಡೂ ಯಂತ್ರ ಕಳಚಿ, ಮಖಮಲ್ಲಿನ ಮೇಲೆ ಒಂದರ ಪಕ್ಕ ಒಂದು ಇಟ್ಟು, "ಹಾಕು, ನೋಡೋಣ" ಎಂದಳು.

ಕತ್ತರಿಯಮ್ಮ ಹಾಕಿದಳು. ಎರಡು ಕಿವಿಗೆ ಎರಡು ನವಿಲು, ಬೈತಲೆಗೆ ಬೊಟ್ಟು, ಕೊರಳಲ್ಲಿ ಕಾಸಿನ ಸರ. ಕನ್ನಡಿಯಲ್ಲಿ ಕೂತಿದ್ದವಳು ತನ್ನ ಮಗಳೇ ಹೌದೋ ಎನ್ನುವಷ್ಟು ಚೆಂದ ಕಂಡಳು. ದೊಡ್ಡಮ್ಮ ಕೂಡ ಕೊಂಕು ಮಾತು ಮರೆತು, "ದೃಷ್ಟಿ ತಾಗೀತು" ಎಂದಳು. ಕತ್ತರಿಯಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಂಗಡಿಯಲ್ಲಿ ಗಿರಾಕಿಯ ಹಿಂದೆ ನಿಲ್ಲುವಂತೆ ಮಗಳ ಹಿಂದೆ ನಿಂತು, ತಲೆ ಬಗ್ಗಿಸಿ ಕೊಂಡಿ ಸರಿಮಾಡುತ್ತ ಕೇಳಿದಳು. "ಭಾರ ಇಲ್ಲ ತಾನೇ?"

ಗುಬ್ಬಿ ನಗುತ್ತಾ ತಲೆಯಾಡಿಸಿದಳು.

ಕಿವಿಯ ಹಾಲೆ ಕೆಂಪಾಗುತ್ತಿದ್ದದ್ದು ಕತ್ತರಿಯಮ್ಮನಿಗೆ ಕಂಡಿತು. "ಭಾರ ಇದೆಯೇನೇ ಹಾಗಾದ್ರೆ?"

ಗುಬ್ಬಿ ಅದಕ್ಕೂ ನಗುತ್ತಾ ತಲೆಯಾಡಿಸಿದಳು.

ಕತ್ತರಿಯಮ್ಮನ ಬೆರಳು ನಿಂತಿತು. ಬಗ್ಗಿಸಿದ ತಲೆಯನ್ನು ಎತ್ತದೆ, ಕನ್ನಡಿಗೆ ತನ್ನ ತುಟಿ ಕಾಣದ ಹಾಗೆ, ಮೆಲ್ಲಗೆ ಇನ್ನೊಂದು ಮಾತು ಕೇಳಿದಳು. "ನಿಂಗೆ ಇದು ಇಷ್ಟ ಇಲ್ಲ, ಅಲ್ವಾ?"

ಗುಬ್ಬಿ ಅಷ್ಟೇ ಮುದ್ದಾಗಿ, ಅಷ್ಟೇ ಒಪ್ಪಿಗೆಯಿಂದ ತಲೆಯಾಡಿಸಿದಳು.

ಆ ತಲೆಯಾಡಿಸುವಿಕೆ ಕತ್ತರಿಯಮ್ಮನಿಗೆ ಗೊತ್ತಿತ್ತು. ಮೂರು ವರ್ಷದ ಮಗು, ಸುತ್ತ ಬಾಯಿಗಳು ಅಲ್ಲಾಡುತ್ತಿರುವಾಗ, ಯಾರ ಮನಸ್ಸೂ ನೋಯದಿರಲಿ ಎಂದು ಎಲ್ಲಕ್ಕೂ ಹ್ಞೂಂ ಎನ್ನುತ್ತಿದ್ದ ಪರಿ ಅದು. ಹೇಳಿದ ಮಾತನ್ನು ಎಷ್ಟು ಚೆನ್ನಾಗಿ ಕೇಳುತ್ತದೆ ಎಂದು ಆಗ ತಾನೂ ಹಿಗ್ಗಿದ್ದಳು. ಇಪ್ಪತ್ತಮೂರು ವರ್ಷದ ಹಿಂದೆ ಹೇಗೋ ದಾಟಿ ಬಂದ ಆ ಜಾಗಕ್ಕೆ ಮಗಳನ್ನು ಈಗ ತಾನೇ ಕೈಹಿಡಿದು ಮರಳಿ ಕರೆತಂದು ಕೂರಿಸಿದ್ದಳು. ಅದೂ ಚಿನ್ನದ ನವಿಲು ತೊಡಿಸಿ.

ದೊಡ್ಡಮ್ಮನೂ ಮೂರು ಪ್ರಶ್ನೆಗಳನ್ನು ಕೇಳಿಸಿಕೊಂಡಿದ್ದಳು. ಅವಳು ಡಾಬಿನ ಕೊಂಡಿಯನ್ನು ಸುಮ್ಮನೆ ತೆರೆದು ಮುಚ್ಚುತ್ತಿದ್ದಳು.

ಕತ್ತರಿಯಮ್ಮ ಎರಡೂ ನವಿಲುಗಳನ್ನು ಬಿಚ್ಚಿದಳು. ಮಖಮಲ್ಲಿನ ಮೇಲಿದ್ದ ಯಂತ್ರಗಳನ್ನು ತೆಗೆದುಕೊಂಡು, ಗುಬ್ಬಿ ಪುಟ್ಟವಳಿದ್ದಾಗ ಮಾಡುತ್ತಿದ್ದಂತೆ, ತುದಿಯನ್ನು ಸೆರಗಿನಲ್ಲಿ ಒರೆಸಿ, ನಳಿಕೆಯನ್ನು ನೆಟ್ಟಗೆ ಮಾಡಿ, ತಾನೇ ಮಗಳ ಕಿವಿಗೆ ಇಟ್ಟಳು.

"ಕೇಳಿಸ್ತಿದೆಯಾ?"

"ಹ್ಞೂಂ. ಏನಾಯ್ತಮ್ಮ, ಕೊಂಡಿ ಮುರೀತಾ?"

"ಏನೂ ಮುರೀಲಿಲ್ಲ. ನಿನ್ನ ಕಿವೀದು ನೀನೇ ಆರಿಸು. ನಾನು ಸುಮ್ನಿರ್ತೀನಿ."

"ಸುಮ್ನಿರ್ತಾಳಂತೆ," ಎಂದಳು ದೊಡ್ಡಮ್ಮ ಮೂಗು ಒರೆಸಿಕೊಳ್ಳುತ್ತ. "ಯಜಮಾನ್ರೆ, ನೀವೇ ಸಾಕ್ಷಿ."

ಗುಬ್ಬಿ ತಾಯಿಯ ಮುಖವನ್ನು ಕನ್ನಡಿಯಲ್ಲಿ ಒಂದು ಗಳಿಗೆ ನೋಡಿದಳು. ಏನು ನಡೆಯಿತೆಂದು ಅವಳಿಗೆ ಪೂರ್ತಿ ತಿಳಿಯಲಿಲ್ಲ. ಆದರೆ ತನ್ನ ಸರದಿ ಬಂದಿದೆ ಎಂಬುದು ತಿಳಿಯಿತು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, "ಯಜಮಾನ್ರೆ, ಜುಮುಕಿಗಳ ತಟ್ಟೆ ಎಲ್ಲಾ ತನ್ನಿ. ಮತ್ತೆ ಯಾರೂ ಸ್ವಲ್ಪ ಹೊತ್ತು ಮಾತಾಡ್ಬೇಡಿ," ಎಂದಳು.

ತಟ್ಟೆಗಳು ಬಂದವು. ಗುಬ್ಬಿ ಕನ್ನಡಿಯ ಕಡೆಗೆ ತಿರುಗಲೇ ಇಲ್ಲ. ಒಂದು ಜುಮುಕಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ತಲೆ ಓರೆ ಮಾಡಿ ಕೇಳಿದಳು.

"ಇದು ತಲೆಯೊಳಗೆ ಯಾರೋ ಚಮಚ ತೊಳೀತಿರೋ ಹಾಗಿದೆ," ಎಂದು ಪಕ್ಕಕ್ಕಿಟ್ಟಳು. ಇನ್ನೊಂದು ಎತ್ತಿದಳು. "ಇದು ಸೊಳ್ಳೆ." ಮತ್ತೊಂದು. "ಇದು ಮುನಿಸ್ಕೊಂಡಿದೆ, ಏನೂ ಹೇಳಲ್ಲ."

ಅಕ್ಕಸಾಲಿಗರು ಹಣೆಯ ಮೇಲಿನ ಕನ್ನಡಕವನ್ನೂ ಕೆಳಕ್ಕಿಳಿಸಿಕೊಂಡು ಬಗ್ಗಿ ಕೂತರು. "ಐವತ್ತು ವರ್ಷದಿಂದ ಮಾಡ್ತಿದೀನಿ ತಾಯಿ. ಹೊಳಪು ಕೇಳ್ತಾರೆ, ತೂಕ ಕೇಳ್ತಾರೆ. ಸದ್ದು ಕೇಳಿದವರು ಒಬ್ರೂ ಇಲ್ಲ."

"ನಂಗೆ ಅದು ಇಡೀ ದಿನ ಕೇಳ್ಸುತ್ತಲ್ಲ. ಮಿಷನ್ನಿನ ಪಕ್ಕದಲ್ಲೇ ತೂಗುತ್ತೆ."

"ಹಾಗಾದ್ರೆ ಅಂಚಿಗೆ ಚಿನ್ನದ ಗುಂಡು ಇರೋದು ಬೇಡ. ಗುಂಡು ಗುಂಡಿಗೆ ಬಡೀತದೆ. ತಡೀರಿ," ಎಂದು ಅವರು ಪರದೆಯ ಹಿಂದೆ ಹೋಗಿ, ಇನ್ನೂ ಹೊಳಪು ಕೊಡದ ಒಂದು ಜೊತೆ ಜುಮುಕಿ ತಂದರು. ತೆಳ್ಳನೆಯ ಗುಮ್ಮಟ, ಅಂಚಿನ ಸುತ್ತ ಸಾಸಿವೆಗಿಂತ ತುಸು ದಪ್ಪನೆಯ ಮುತ್ತುಗಳು, ಒಂದಕ್ಕೊಂದು ತಗುಲಿಯೂ ತಗುಲದಂತೆ ಪೋಣಿಸಿದವು.

ಗುಬ್ಬಿ ಕಣ್ಣು ಮುಚ್ಚಿ ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿದಳು. ಅವಳ ಮುಖ ನಿಧಾನವಾಗಿ ಅರಳಿತು.

"ಹೊಸ ಪುಸ್ತಕದ ಹಾಳೆ ಬೆರಳಲ್ಲಿ ಸರ್ರಂತ ಬಿಟ್ಟ ಹಾಗಿದೆ," ಎಂದಳು. "ಇದೇ."

ದೊಡ್ಡಮ್ಮ ಆ ಜೊತೆಯ ಇನ್ನೊಂದು ಜುಮುಕಿಯನ್ನು ತನ್ನ ಕಿವಿಗೆ ಹಿಡಿದು ಅಲ್ಲಾಡಿಸಿ, "ನಂಗೆ ಏನೂ ಕೇಳಿಸ್ತಿಲ್ಲಪ್ಪ," ಎಂದಳು. "ನಿಂಗಿಂತ ನಂಗೇ ಮಿಷನ್ ಬೇಕೇನೋ."

ಒಂದು ತೊಡಕು ಉಳಿದಿತ್ತು. ಜುಮುಕಿ ಎಷ್ಟು ತೆಳ್ಳಗಿದ್ದರೂ ಅದರ ಭಾರ ಹೊರಲು ಓಲೆಯಿಂದ ಕೂದಲಿಗೆ ಸಿಕ್ಕಿಸುವ ಸಣ್ಣ ಸರಪಳಿ ಬೇಕು. ಮಾಟಿ ಎನ್ನುತ್ತಾರೆ ಅದಕ್ಕೆ. ಅಕ್ಕಸಾಲಿಗರು ಒಂದು ಮಾಟಿ ತಂದು ಕಿವಿಯ ಹಿಂದಿನಿಂದ ಹಾಯಿಸಿದರು. ಗುಬ್ಬಿ ಮುಖ ಹಿಂಡಿದಳು. ಸರಪಳಿ ಯಂತ್ರಕ್ಕೆ ತಗುಲಿ ಟಕಟಕ ಎನ್ನುತ್ತಿತ್ತು. ಮೇಲಿನಿಂದ ಹಾಯಿಸಿದರೆ ಇಳಿಬಿಟ್ಟ ಕೂದಲಿಗೆ ತೊಡರಿಕೊಳ್ಳುತ್ತಿತ್ತು. ಎರಡು ಸಲ, ಮೂರು ಸಲ ನೋಡಿ ಅವರು ಕೈಚೆಲ್ಲಿದರು.

ಸುಮ್ಮನಿರುತ್ತೇನೆ ಎಂದ ಕತ್ತರಿಯಮ್ಮ ಅಲ್ಲಿಯ ತನಕ ಸುಮ್ಮನೇ ಇದ್ದಳು. ಆದರೆ ಕೂದಲಿನ ಮಾತು ಬಂದಾಗ ಅವಳ ಕೈ ಸುಮ್ಮನಿರಲಿಲ್ಲ. ಮಗಳ ಹಿಂದೆ ಬಂದು, ಕಿವಿಯ ಮೇಲಿನ ಪದರಗಳನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆತ್ತಿ, ನೆತ್ತಿಯ ಹಿಂದೆ ಒಟ್ಟು ಮಾಡಿ ಹಿಡಿದಳು.

"ಕೂದಲು ಹೀಗೆ ಮೇಲೆ ಹೋದ್ರೆ, ಯಜಮಾನ್ರೆ, ಸರಪಳಿ ಮುಂದಿನಿಂದ ಬರ್ಬಹುದು. ಕೆನ್ನೆ ಪಕ್ಕದಿಂದ ಹತ್ತಿ ಇಲ್ಲಿ ಸಿಕ್ಕಿಸಿದ್ರೆ ಕಿವಿ ಹಿಂದೆ ಮುಟ್ಟೋದೇ ಇಲ್ಲ."

ಗುಬ್ಬಿ ಕನ್ನಡಿ ನೋಡಿದಳು. ಎರಡೂ ಕಿವಿ, ಕಿವಿಯ ಹಿಂದಿನ ಎರಡೂ ಡಬ್ಬಿ ಪೂರ್ತಿ ಬೆಳಕಿನಲ್ಲಿದ್ದವು.

"ಅಮ್ಮ, ಮಿಷನ್ ಕಾಣ್ಸುತ್ತೆ."

"ಕಾಣ್ಲಿ."

"ಬಂದವರಿಗೆಲ್ಲ ಕಾಣ್ಸುತ್ತೆ. ಫೋಟೋದಲ್ಲೂ."

"ಕಾಣ್ಲಿ ಅಂದ್ನಲ್ಲ," ಎಂದಳು ಕತ್ತರಿಯಮ್ಮ. ದನಿ ಸ್ವಲ್ಪ ಗಡುಸಾಗಿತ್ತು. ಕೂದಲನ್ನು ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ.

ಗುಬ್ಬಿ ಕೈ ಹಿಂದಕ್ಕೆ ಚಾಚಿ ತಾಯಿಯ ಮಣಿಕಟ್ಟನ್ನು ಹಿಡಿದುಕೊಂಡಳು. ಅಕ್ಕಸಾಲಿಗರು ಹಳೆಯ ರಸೀದಿಯ ಹಿಂದೆ ಕಿವಿಯ ಚಿತ್ರ ಬರೆಯತೊಡಗಿದರು. ಬರೆಯುತ್ತಾ ಬರೆಯುತ್ತಾ ಅವರಿಗೇ ಹುರುಪು ಹತ್ತಿತು. "ಹೇಗೂ ಕಾಣುತ್ತೆ ಅಂದ್ಮೇಲೆ ಈ ಡಬ್ಬಿಯೊಂದು ಯಾಕೆ ಬೋಳಾಗಿರ್ಬೇಕು? ಇದರ ಸೊಂಟಕ್ಕೂ ಒಂದು ಸಣ್ಣ ಪಟ್ಟಿ ಮಾಡ್ತೀನಿ. ಬಗ್ಗಿದಾಗ ಜಾರೋದೂ ಇಲ್ಲ."

"ಈ ಎರಡು ತೂತು ಮುಚ್ಚಬಾರ್ದು," ಎಂದು ಗುಬ್ಬಿ ಯಂತ್ರ ಕಳಚಿ ತೋರಿಸಿದಳು. "ಇದರಿಂದ್ಲೇ ಅದಕ್ಕೆ ಕೇಳಿಸೋದು."

"ಡಾಬು ಅಂತೂ ಬಂತಲ್ಲ," ಎಂದಳು ದೊಡ್ಡಮ್ಮ. "ಮದುಮಗಳಿಗೆ ಇಲ್ದಿದ್ರೆ ಅವಳ ಮಿಷನ್ನಿಗಾದ್ರೂ."

ಮುಂದಿನ ವಾರ ಹಾಕಿ ನೋಡಿದಾಗ, ಮೊದಲು ಮಾಡಿದ ಪಟ್ಟಿ ಬಿಗಿಯಾಗಿ ಮತ್ತೆ ಸಿಳ್ಳೆ ಹಾಕಿಸಿತು. ಅಕ್ಕಸಾಲಿಗರು ಬೇಸರಪಡದೆ ಅದನ್ನು ಕರಗಿಸಿ ಇನ್ನೊಂದು ಮಾಡಿದರು. ಅದು ಹಾವಿನ ಮರಿಯಂತೆ ನವಿರಾಗಿ ಒಂದೇ ಒಂದು ಸುತ್ತು ಸುತ್ತಿಕೊಂಡಿತ್ತು. ಗುಬ್ಬಿ ಅದನ್ನು ತೊಟ್ಟು ಅಂಗಡಿಯ ಮುಂದೆ ಬೀದಿಯಲ್ಲಿ ಹತ್ತು ಹೆಜ್ಜೆ ಹೋಗಿ ಬಂದು, ತಲೆ ಕೊಡವಿ, ಬಗ್ಗಿ, ಎದ್ದು, "ಸರಿಯಾಗಿದೆ" ಎಂದಳು.

ಮದುವೆಯ ಬೆಳಿಗ್ಗೆ ಕತ್ತರಿಯಮ್ಮ ತಾನೇ ಕೂತು ಮಗಳ ಕೂದಲು ಕಟ್ಟಿದಳು. ಬೇರೆಯವರ ಮಕ್ಕಳಿಗೆ ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಒಂದೂಕಾಲು ಗಂಟೆ ಹಿಡಿಯಿತು. "ಎಳೀಬೇಡಮ್ಮ" ಎಂದು ಗುಬ್ಬಿ ಎರಡು ಸಲ ಹೇಳಿದಳು. ಹಿಂದಿನ ದಿನವಷ್ಟೇ ಲಾರಿ ಇಳಿದು ಬಂದಿದ್ದ ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಕುರ್ಚಿಗಳು ಬಂದವೋ ಇಲ್ಲವೋ ನೋಡುತ್ತೇನೆ ಎಂದು ಹೊರಟುಹೋದರು.

ಸಭಾಂಗಣದಲ್ಲಿ ಜನ ನೋಡಿದರು. ನೋಡದೆ ಇರುತ್ತಾರೆಯೇ? ಮುಂದಿನ ಸಾಲಿನಲ್ಲಿ ಕೂತಿದ್ದ, ದೂರದ ನೆಂಟರ ಪೈಕಿ ಒಬ್ಬ ಹೆಂಗಸು ಕತ್ತರಿಯಮ್ಮನ ತೋಳು ತಟ್ಟಿ, "ಕಿವಿ ಹಿಂದೆ ಅದೇನು ಒಡವೆ? ಹೊಸ ತರಹದ್ದಾ?" ಎಂದು ಕೇಳಿದಳು. ಕತ್ತರಿಯಮ್ಮ ಒಮ್ಮೆ ಮಗಳ ಕಡೆ ನೋಡಿದಳು.

"ಒಡವೆಯಲ್ಲ, ಕಿವಿ ಕೇಳೋ ಮಿಷನ್ನು," ಎಂದಳು. "ಚಿಕ್ಕಂದಿನಿಂದ್ಲೂ ಇದೆ. ಪಟ್ಟಿ ಮಾತ್ರ ಈಗ ಮಾಡ್ಸಿದ್ದು."

"ಹೌದಾ," ಎಂದಳು ಆಕೆ. ಅಯ್ಯೋ ಪಾಪ ಎನ್ನುತ್ತಾಳೆಂದು ಕತ್ತರಿಯಮ್ಮ ಕಾದಳು. ಆಕೆ ಅದನ್ನು ಹೇಳಲಿಲ್ಲ. ಪಟ್ಟಿ ಮಾಡಿದವರ ಅಂಗಡಿ ಎಲ್ಲಿ ಎಂದು ಕೇಳಿದಳು.

ಅಷ್ಟರಲ್ಲಿ ಮೇಲೆ ಮಂಟಪದಲ್ಲಿ ಹುಡುಗ ಗುಬ್ಬಿಯ ಕಡೆಗೆ ಒಂದಿಷ್ಟು ವಾಲಿ, ತುಟಿ ಅಲ್ಲಾಡಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಏನೋ ಹೇಳಿದ. ಗುಬ್ಬಿ ಅವನ ಕಡೆ ನೋಡುತ್ತಿರಲಿಲ್ಲ. ಆದರೂ ಕೇಳಿಸಿತು. ಅವಳು ಎಷ್ಟು ಜೋರಾಗಿ ನಕ್ಕಳೆಂದರೆ ಜುಮುಕಿ ಎರಡೂ ತೂಗಾಡಿದವು, ಸಭೆಯಲ್ಲಿ ಅರ್ಧ ಜನ ಏನೆಂದು ಕತ್ತು ಚಾಚಿದರು.

ಊಟಕ್ಕೆ ಏಳುವಾಗ ಕತ್ತರಿಯಮ್ಮ ಮಗಳನ್ನು ಪಕ್ಕಕ್ಕೆ ಎಳೆದಳು. "ಅವನೇನೋ ಅಂದದ್ದಕ್ಕೆ ನೀನು ನಕ್ಕೆಯಲ್ಲ. ಏನಂದ?"

"ಹೇಳಲ್ಲ."

"ನಿನ್ನಮ್ಮ ಕಣೇ ನಾನು."

"ಅದಕ್ಕೇ ಹೇಳಲ್ಲ," ಎಂದು ಗುಬ್ಬಿ ತಾಯಿಯ ಕೆನ್ನೆ ಹಿಂಡಿ ಹೊರಟುಹೋದಳು.

ಕತ್ತರಿಯಮ್ಮ ಅಕ್ಕನ ಪಕ್ಕದಲ್ಲಿ ಊಟಕ್ಕೆ ಕೂತಳು. ಏನಂತೆ ಎಂದು ಅಕ್ಕ ಕೇಳಿದಳು. ಗೊತ್ತಿಲ್ಲ ಎಂದಳು ಕತ್ತರಿಯಮ್ಮ. ಏನಂದಿರಬಹುದು ಎಂದು ಅಕ್ಕ ತಂಗಿ ಇಬ್ಬರೂ ಊಟ ಮುಗಿಯುವ ತನಕ ತಲೆಗೆ ತಲೆ ಕೊಟ್ಟು ಯೋಚಿಸಿದರು. ಒಂದೂ ಹೊಳೆಯಲಿಲ್ಲ.